ಎಲ್ಲರಿಗೂ ಇಪ್ಪತ್ನಾಲ್ಕು

ಚಿಕೊಂಜೆ, ದೆಡ್ಜಾ ಜಿಲ್ಲೆ, ಮಲಾವಿ
೧೪ ಜೂನ್ ೧೯೯೮

ಅಕ್ಕ ದೊರಿಕಾ,

ನೀನು ಕಳಿಸಿದ ಎರಡು ಕಬ್ಬಿಣದ ಕಂಬ, ನಾಲ್ಕು ಚೆಂಡು, ಎದೆಯ ಮೇಲೆ ಕಟ್ಟಿಕೊಳ್ಳುವ ಅಕ್ಷರದ ಬಟ್ಟೆಗಳು, ಒಂದು ಸೀಟಿ ಎಲ್ಲವೂ ಬಂದು ಮುಟ್ಟಿದವು. ಸೀಟಿಯನ್ನು ಬಸ್ ಕಂಡಕ್ಟರ್ ದೆಡ್ಜಾ ಪಟ್ಟಣದಿಂದ ನಮ್ಮೂರಿನವರೆಗೂ ಊದಿಕೊಂಡೇ ಬಂದನಂತೆ. ಕೊಡುವಾಗ ಅವನ ಮುಖ ನೋಡಬೇಕಿತ್ತು.

ನೀನು ಕೇಳಿದ ಪಟ್ಟಿ ಇದರ ಜೊತೆಗಿದೆ. ನೆಟ್‌ಬಾಲ್ ಆಡುವವರು ಇಪ್ಪತ್ತೈದರ ಒಳಗಿರಬೇಕು ಎಂದು ನಿಮ್ಮ ಇಲಾಖೆಯ ಕಾಗದ ಹೇಳುತ್ತದೆ. ಹಾಗಾಗಿ ಹದಿನಾಲ್ಕು ಜನಕ್ಕೂ ಇಪ್ಪತ್ನಾಲ್ಕು ಎಂದೇ ಬರೆದಿದ್ದೇನೆ. ನನಗೂ ಅಷ್ಟೇ. ನನ್ನ ದೊಡ್ಡ ಮಗಳಿಗೆ ಹದಿನೈದಾಯಿತು ಎಂಬುದು ಲಿಲೋಂಗ್ವೆಯಲ್ಲಿ ಯಾರಿಗೂ ಹೊಳೆಯದಿದ್ದರೆ ಸಾಕು. ಪಟ್ಟಿಯನ್ನು ಮಾವ ಲಾಕಿಸೋನಿಗೆ ಓದಿ ಹೇಳಿದೆ. "ಹದಿನಾಲ್ಕು ಹೆಣ್ಣು ಒಂದೇ ವರ್ಷ ಹುಟ್ಟಿದ್ವಾ ನಮ್ಮೂರಲ್ಲಿ? ಆ ವರ್ಷ ನಾನೆಲ್ಲಿ ಸತ್ತಿದ್ದೆ?" ಎಂದರು.

ಅಮ್ಮ ಹೋದ ಮೇಲೆ ನಮ್ಮಿಬ್ಬರಿಗೂ ಹಿರಿಯರೆಂದರೆ ಈ ಸೋದರಮಾವ ಒಬ್ಬರೇ ತಾನೇ. ಅವರೀಗ ದಿನವೂ ಮೈದಾನದ ಪಕ್ಕದ ಅತ್ತಿಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಚೆಂಡು ಹಿಡಿದವಳು ಓಡುವ ಹಾಗಿಲ್ಲ, ನಿಂತಲ್ಲೇ ನಿಂತು ಬೇರೆಯವಳಿಗೆ ಎಸೆಯಬೇಕು ಎಂಬ ನಿಯಮ ಅವರಿಗೆ ಬಹಳ ಹಿಡಿಸಿದೆ. "ಹೆಂಗಸರು ಒಂದ್ ಕಡೆ ನಿಂತಿದ್ದನ್ನ ಎಪ್ಪತ್ತು ವರ್ಷದಲ್ಲಿ ಮೊದಲ್ನೇ ಸಲ ನೋಡ್ತಿದೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ನನ್ನ ಗಂಡ ವಯಿಸೋನಿ ಗೊಣಗುತ್ತಾನೆ. ಹೆಂಡತಿಯ ಊರಿಗೆ ಬಂದು ನೆಲೆಸಿದ ಅಳಿಯ, ಅವನ ಗೊಣಗಾಟ ಎಷ್ಟು ದೂರ ಹೋದೀತು!

ಇನ್ನು ನಿಜವಾದ ಮಾತು. ಶನಿವಾರ ಆಟ ಮುಗಿದ ಮೇಲೆ ನರ್ಸ್ ಮೊಡೆಸ್ತಾ ಮೋಟಾರ್ ಸೈಕಲ್‌ನಲ್ಲಿ ಬಂದು ಅದೇ ಅತ್ತಿಮರದ ಕೊಂಬೆಗೆ ತಕ್ಕಡಿ ಕಟ್ಟಿ ಮಕ್ಕಳನ್ನು ತೂಗುತ್ತಾಳೆ, ಸೂಜಿ ಚುಚ್ಚುತ್ತಾಳೆ. ಆಟವಿದೆ ಎಂದು ಐದು ಊರಿನ ತಾಯಂದಿರು ಸೇರುತ್ತಾರೆ, ಅದಕ್ಕೇ ಅವಳು ಬರುತ್ತಾಳೆ. ನನ್ನ ಲುಸಿಯಾ ಬದುಕಿದ್ದರೆ ಈಗ ಆರು ವರ್ಷ. ಹದಿನಾಲ್ಕು ಮೈಲಿ ನಡೆದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೆನ್ನ ಮೇಲೆಯೇ ತಣ್ಣಗಾಗಿದ್ದಳು. ಆ ತಕ್ಕಡಿಯನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಸಂತೋಷವೂ ಆಗುತ್ತದೆ. ಈ ಆಟ ನಿಲ್ಲಬಾರದು ಅಕ್ಕ. ನಿಲ್ಲದ ಹಾಗೆ ನೋಡಿಕೋ.

ನಿನ್ನ ತಂಗಿ
ಎನೆಲೆಸಿ

ಲಿಲೋಂಗ್ವೆ
೨೭ ಜೂನ್ ೧೯೯೮

ಎನೆಲೆಸಿ,

ಬೆಳಿಗ್ಗೆಯಿಂದ ಮೂರು ಸಲ ಈ ಕಾಗದ ಶುರು ಮಾಡಿದೆ, ಮೂರು ಸಲವೂ ಯಾರೋ ಕರೆದರು. ಈಗ ನಿಂತುಕೊಂಡೇ ಬರೆಯುತ್ತಿದ್ದೇನೆ. ನಿನ್ನ ಪಟ್ಟಿ ನೋಡಿ ನಕ್ಕೆ, ಬಾಗಿಲು ಹಾಕಿಕೊಂಡು ಇನ್ನೊಮ್ಮೆ ನಕ್ಕೆ, ಆಮೇಲೆ ಹೆದರಿಕೆಯಾಯಿತು. ಆದರೂ ಸಹಿ ಹಾಕಿ ಕಳಿಸಿದ್ದೇನೆ. ಹದಿನಾಲ್ಕು ಅವಳಿಗಳು ಎಂದು ತಿಳಿದುಕೊಳ್ಳಲಿ.

ಮುಖ್ಯವಾದದ್ದನ್ನು ಹೇಳುತ್ತೇನೆ, ಸರಿಯಾಗಿ ಓದು. 'ಕ್ರೀಡೆಯಿಂದ ದೇಶದ ಏಳಿಗೆ' ಎಂಬ ನಮ್ಮ ಈ ಯೋಜನೆಗೆ ಹಣ ಕೊಡುವವರು ಹೊರದೇಶದಿಂದ ಆಗಸ್ಟ್‌ನಲ್ಲಿ ಬರುತ್ತಾರೆ. ಜಿಲ್ಲೆಯ ಫೈನಲ್ ಆಗಸ್ಟ್ ೨೨, ಶನಿವಾರ, ಮಧ್ಯಾಹ್ನ ಎರಡಕ್ಕೆ, ದೆಡ್ಜಾ ಪಟ್ಟಣದ ಮೈದಾನದಲ್ಲಿ. ಅವರ ಕಣ್ಣೆದುರು ಫೈನಲ್ ಪೂರ್ತಿ ನಡೆದರೆ ಯೋಜನೆ ಇನ್ನೂ ಮೂರು ವರ್ಷ. ನಡೆಯದಿದ್ದರೆ ಕಂಬ, ಚೆಂಡು ವಾಪಸ್, ಮೊಡೆಸ್ತಾಳ ಮೋಟಾರ್ ಸೈಕಲ್‌ಗೆ ಪೆಟ್ರೋಲ್ ಇಲ್ಲ. ಗೆಲ್ಲುವುದು ಸೋಲುವುದು ನಿಮಗೆ ಬಿಟ್ಟದ್ದು. ಬರುವುದು ಮಾತ್ರ ಬರಲೇಬೇಕು.

ಅತಿಥಿಗಳ ಮುಂದೆ ಇಂಗ್ಲಿಷಿನಲ್ಲಿ ಭಾಷಣ ಮಾಡುವವಳು ನಾನೇ. ಒಂದು ಚೆಂಡು ಒಂದು ದೇಶವನ್ನು ಹೇಗೆ ಕಟ್ಟುತ್ತದೆ ಎಂದು ಹತ್ತು ನಿಮಿಷ ಹೇಳಬೇಕು. ಕನ್ನಡಿ ಮುಂದೆ ಹೇಳಿಕೊಂಡರೆ ನಾಲ್ಕೇ ನಿಮಿಷಕ್ಕೆ ಮುಗಿಯುತ್ತದೆ.

ನಾನು ಚೆನ್ನಾಗಿದ್ದೇನೆ. ನಮ್ಮ ಡೈರೆಕ್ಟರ್ ಈಚೆಗೆ ನನ್ನ ನಮಸ್ಕಾರಕ್ಕೆ ಗೋಡೆ ನೋಡುತ್ತಾರೆ, ಅದೇನು ದೊಡ್ಡ ವಿಷಯವಲ್ಲ. ಮಾವನಿಗೆ ಒಂದು ಪೊಟ್ಟಣ ಸಕ್ಕರೆ ಕಳಿಸಿದ್ದೇನೆ.

ದೊರಿಕಾ

ಚಿಕೊಂಜೆ
೧೯ ಜುಲೈ ೧೯೯೮

ಅಕ್ಕ,

ಸೆಮಿಫೈನಲ್ ಗೆದ್ದೆವು! ಮೂವತ್ತನಾಲ್ಕು, ಇಪ್ಪತ್ತೇಳು. ನಾನೊಬ್ಬಳೇ ಇಪ್ಪತ್ತೊಂದು ಸಲ ಕಂಬದ ಬಳೆಯೊಳಗೆ ಚೆಂಡು ಹಾಕಿದೆ. ಇನ್ನು ಫೈನಲ್, ನಕಾಲಾಜಿ ಊರಿನವರ ಜೊತೆ. ಅವರ ನಾಯಕಿ ಫಲೇಸಿ ಗೊತ್ತಲ್ಲ, ನೀರಿನ ಕೊಡದ ಹಾಗೆ ಇದ್ದಾಳೆ, ಆದರೆ ನೆಗೆದರೆ ಕೆಳಗೆ ಬರುವುದೇ ಇಲ್ಲ. ನಮ್ಮ ಆಟ ನೋಡಲು ಬಂದಿದ್ದವಳು, ಮುಗಿದ ಮೇಲೆ ನನ್ನ ಹತ್ತಿರ ಬಂದು, "ಏನಮ್ಮಾ ಇಪ್ಪತ್ನಾಲ್ಕರ ಹುಡುಗಿ, ಮೊಣಕಾಲಿಗೆ ಎಣ್ಣೆ ಹಚ್ಕೊಂಡ್ ಬಾ ಫೈನಲ್‌ಗೆ" ಎಂದಳು. ಅವರ ಪಟ್ಟಿಯಲ್ಲೂ ಎಲ್ಲರಿಗೂ ಇಪ್ಪತ್ನಾಲ್ಕೇ ಇರಬೇಕು.

ಚಳಿ ಜಾಸ್ತಿಯಿದೆ. ಮಾವ ಈಗ ಮೈದಾನಕ್ಕೆ ಬರುತ್ತಿಲ್ಲ. ಕುರ್ಚಿ ಖಾಲಿಯಿದೆ. ವಾರಕ್ಕೆ ನಾಲ್ಕು ದಿನವಿದ್ದ ಅಭ್ಯಾಸ ಎರಡು ದಿನಕ್ಕೆ ಬಂದಿದೆ. ಹಾಡು, ಕೂಗು ನಿಲ್ಲಿಸಿದ್ದೇವೆ, ಮೈದಾನ ಅವರ ಮನೆಗೆ ಹತ್ತಿರವಲ್ಲವೇ. ಕಾರಣ ಎಂಥದ್ದೂ ಇಲ್ಲ, ಮನೆಗೆಲಸ ಹೆಚ್ಚು, ಅಷ್ಟೇ.

ನಿನಗೆ ಒಂದೆರಡು ದಿನ ರಜೆ ಸಿಗುತ್ತದೆಯೇ? ಸುಮ್ಮನೆ ಕೇಳಿದೆ. ಸಿಗದಿದ್ದರೆ ಬೇಡ.

ಎನೆಲೆಸಿ

ಲಿಲೋಂಗ್ವೆ
೨೮ ಜುಲೈ ೧೯೯೮

ಎನೆಲೆಸಿ,

ರಜೆಯೇ? ಭಾನುವಾರವೂ ಕಚೇರಿಯಲ್ಲಿರುವವಳನ್ನು ರಜೆ ಕೇಳುತ್ತೀಯಲ್ಲ. ಅತಿಥಿಗಳು ಉಳಿದುಕೊಳ್ಳುವ ಜಾಗ, ಅವರ ಊಟ, ಫೈನಲ್ ಆದ ಮೇಲೆ ಅವರನ್ನು ಸರೋವರಕ್ಕೆ ಕರೆದೊಯ್ಯುವುದು, ಎಲ್ಲವೂ ನನ್ನ ತಲೆ ಮೇಲಿದೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನೀನು ಬರೆಯದೇ ಇದ್ದದ್ದು ನನಗೆ ಗೊತ್ತಾಗುವುದಿಲ್ಲವೆಂದು ತಿಳಿದಿದ್ದೀಯಾ? ಮಾವ ಮೈದಾನಕ್ಕೆ ಬರುತ್ತಿಲ್ಲ, ಹಾಡು ನಿಂತಿದೆ, ಅಭ್ಯಾಸ ಅರ್ಧವಾಗಿದೆ. ಅವರು ಮತ್ತೆ ಶುರು ಮಾಡಿದರು ತಾನೇ! ೧೯೭೧ರಲ್ಲಿ ನನಗೆ ಮಾಡಿದ್ದೂ ಇದನ್ನೇ. ಹದಿನೆಂಟು ವರ್ಷ ನನಗಾಗ. ಪ್ರಾಂತ್ಯದ ನೆಟ್‌ಬಾಲ್ ತಂಡಕ್ಕೆ ಹೆಸರು ಬಂದಿತ್ತು, ವಿಂಗ್ ಡಿಫೆನ್ಸ್ ಜಾಗಕ್ಕೆ. ಬಸ್ ಹತ್ತುವ ದಿನ ಬಾಗಿಲಲ್ಲಿ ನಿಂತು "ನಮ್ಮ ಮನೆ ಹೆಣ್ಣು ಹೋಗಲ್ಲ" ಎಂದುಬಿಟ್ಟರು. ಅಮ್ಮ ಹಿಂದೆ ನಿಂತು ಅಳುತ್ತಿದ್ದಳು. ಇಪ್ಪತ್ತೇಳು ವರ್ಷವಾಯಿತು. ಸಕ್ಕರೆ ಕಳಿಸುತ್ತೇನೆ, ಕಾಲಿಗೆ ಬೀಳುತ್ತೇನೆ, ಆದರೆ ಆ ಬಾಗಿಲನ್ನು ಮರೆತಿಲ್ಲ.

ಅವರಿಗೆ ನನ್ನ ಹೆಸರಲ್ಲೇ ಹೇಳು. ಈ ಸಲ ಅಡ್ಡ ನಿಂತರೆ ನಾನು ಅವರ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಆಗಸ್ಟ್ ೨೨. ಮರೆಯಬೇಡ.

ದೊರಿಕಾ

ಚಿಕೊಂಜೆ
೯ ಆಗಸ್ಟ್ ೧೯೯೮

ಅಕ್ಕ,

ನಿನ್ನ ಕಾಗದ ಬಂತು. ಮಾವ ಓದಿಸಿಕೊಂಡರು. ನಾವು ಆಗಸ್ಟ್ ೨೨ಕ್ಕೆ ಬರುತ್ತೇವೆ. ನಕಾಲಾಜಿಯವರು ಲಾರಿ ಗೊತ್ತು ಮಾಡಿದ್ದಾರೆ, ನಮ್ಮೂರ ಮೇಲೇ ಹಾದು ಹೋಗಬೇಕಲ್ಲ, ಎರಡೂ ತಂಡ ಒಂದೇ ಲಾರಿಯಲ್ಲಿ ಎಂದು ಮಾತಾಗಿದೆ. ದಾರಿಯಲ್ಲೇ ಹೊಡೆದಾಡಿಕೊಂಡರೆ ಮೈದಾನಕ್ಕೆ ಕೆಲಸವಿರುವುದಿಲ್ಲ ಎಂದು ವಯಿಸೋನಿ ನಗುತ್ತಾನೆ.

ನಿನ್ನ ಭಾಷಣ ಹತ್ತು ನಿಮಿಷ ಆಯಿತೇ?

ಬೇರೆ ಏನೂ ವಿಶೇಷವಿಲ್ಲ.

ಎನೆಲೆಸಿ

ಲಿಲೋಂಗ್ವೆ
೨೪ ಆಗಸ್ಟ್ ೧೯೯೮, ಸೋಮವಾರ

ಎನೆಲೆಸಿ,

ಸರೋವರದಿಂದ ನೇರ ಕಚೇರಿಗೆ ಬಂದು ಇದನ್ನು ಬರೆಯುತ್ತಿದ್ದೇನೆ, ಮನೆಗೂ ಹೋಗಿಲ್ಲ. ಅಕ್ಷರ ಕೆಟ್ಟರೆ ಕೆಡಲಿ.

ಎರಡು ಗಂಟೆಗೆ ಯಾರೂ ಇಲ್ಲ. ಮೂರಕ್ಕೆ ಯಾರೂ ಇಲ್ಲ. ಪಟ್ಟಣದ ಹುಡುಗರು ಒಂದಿಪ್ಪತ್ತು ಜನ ಬಂದು ಕಾದು ಕಾದು ಹೋದರು. ಐದು ಜನ ಅತಿಥಿಗಳು ಬಿಸಿಲಲ್ಲಿ ಕುರ್ಚಿಯ ಮೇಲೆ. ಅವರಲ್ಲೊಬ್ಬಾಕೆ ಬಹಳ ಮರ್ಯಾದೆಯಿಂದ, ದಿನ ಇವತ್ತೇ ತಾನೇ ಎಂದು ನನ್ನನ್ನು ಕೇಳಿದಳು. ನಾಲ್ಕು ಗಂಟೆಗೆ ನಾನು ಎದ್ದು ನಿಂತು ಭಾಷಣ ಓದಿದೆ, ಮತ್ತೇನು ಮಾಡಲಿ? ಒಂದು ಚೆಂಡು ಒಂದು ದೇಶವನ್ನು ಹೇಗೆ ಕಟ್ಟುತ್ತದೆ ಎಂದು ಐವರು ಅತಿಥಿಗಳಿಗೂ ಗೆರೆಯ ಮೇಲೆ ಮೇಯುತ್ತಿದ್ದ ಒಂದು ಆಡಿಗೂ ಹೇಳಿದೆ. ಹೊರಡುವಾಗ ಮೈದಾನದ ಕಾವಲುಗಾರ ಓಡಿ ಬಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿ ನಿಂತ. ನನ್ನ ಅವಮಾನಕ್ಕೆ ಅವನಾದರೂ ಮರುಗಿದನಲ್ಲ.

ನೀವು ಬರಲಿಲ್ಲ. ಸರಿ, ಮಾವ ಬಾಗಿಲಲ್ಲಿ ನಿಂತಿರಬೇಕು. ನಕಾಲಾಜಿಯವರನ್ನೂ ತಡೆದಿರಾ? ಒಂದು ಲಾರಿಯಲ್ಲಿ ಹೋಗುವ ಉಪಾಯ ಇದಕ್ಕೇ ಇತ್ತೇನು?

ಇದರ ಜೊತೆ ನನ್ನ ವರದಿಯ ಪ್ರತಿ ಇಟ್ಟಿದ್ದೇನೆ. "ಎರಡೂ ತಂಡ ಕಾರಣವಿಲ್ಲದೆ ಗೈರುಹಾಜರು. ಈ ಪ್ರದೇಶದ ಜನರಿಗೆ ಯೋಜನೆಯಲ್ಲಿ ಆಸಕ್ತಿಯಿಲ್ಲ. ಇಲ್ಲಿ ನಿಲ್ಲಿಸಬಹುದು." ಸಹಿ ನನ್ನದೇ. ಕಂಬ ಒಯ್ಯಲು ಗಾಡಿ ಬರುತ್ತದೆ. ಲುಸಿಯಾಳ ಹೆಸರು ಹೇಳಿ ನನ್ನನ್ನು ಬೇಡಿಕೊಂಡವಳು ನೀನು. ನಿನಗೇ ಬೇಡವಾದದ್ದು ನನಗ್ಯಾಕೆ?

ದೊರಿಕಾ

ಚಿಕೊಂಜೆ
೩೦ ಆಗಸ್ಟ್ ೧೯೯೮

ಅಕ್ಕ,

ನೀನು ಮಂಗಳವಾರ ಮೊದಲ ಬಸ್ಸಿಗೇ ಬಂದಿಳಿದೆ. ರಸ್ತೆಯಿಂದಲೇ ಕೂಗಿ ಅಳುತ್ತಾ ಬಂದೆ. ಮಾವನ ಗೋರಿಯ ಹಸಿ ಮಣ್ಣಿನ ಮೇಲೆ ಬಿದ್ದು ಹೊರಳಿದೆ, ನಾನು ಎತ್ತಿ ಕೂರಿಸಿ ನೀರು ಕುಡಿಸಿದೆ. ಗುರುವಾರ ನೀನು ಹೊರಟೆ. ಹೊರಡುವ ಮುಂಚೆ ನನ್ನನ್ನು ಎರಡು ಸಲ ಕೇಳಿದೆ, "ಕಂಡಕ್ಟರ್ ಏನಾದ್ರೂ ಕಾಗದ ತಂದ್ನಾ?" ಎಂದು. ನಾನು ಇಲ್ಲ ಎಂದೆ. ಪಾಪ, ದುಃಖದಲ್ಲಿ ಏನೇನೋ ಕೇಳುತ್ತಾಳೆ ಎಂದುಕೊಂಡೆ.

ಶುಕ್ರವಾರ ಆ ಕಾಗದ ಬಂತು. ವರದಿಯೂ ಬಂತು.

ಎರಡು ದಿನ ನನ್ನ ಪಕ್ಕದಲ್ಲಿ ಮಲಗಿದ್ದೆಯಲ್ಲ ಅಕ್ಕ. ಒಂದು ಮಾತು ಹೇಳಲು ಬಾಯಿ ಬರಲಿಲ್ಲವೇ? ನೀನು ಅಳುತ್ತಿದ್ದೆ ಎಂದು ನಡೆದದ್ದನ್ನೆಲ್ಲ ನಾನೂ ಆಗ ಹೇಳಲಿಲ್ಲ. ಈಗ ಹೇಳುತ್ತೇನೆ, ಕೇಳು.

ಮಾವನಿಗೆ ಜುಲೈ ಮೊದಲ ವಾರದಿಂದಲೇ ಕೆಮ್ಮು, ರಕ್ತ. ಮೊಡೆಸ್ತಾ ನೋಡಿ ತಲೆಯಾಡಿಸಿದಳು. ನಿನಗೆ ಬರೆಯುತ್ತೇನೆಂದೆ. ಬೇಡವೆಂದರು. "ಅವಳು ಬಂದ್ರೆ ಅಲ್ಲಿ ಕೆಲಸ ಕೆಡುತ್ತೆ. ಕೆಲಸ ಕೆಟ್ರೆ ನಿಮ್ಮ ಕಂಬ ಹೋಗುತ್ತೆ. ಶನಿವಾರದ ಆಟ ಮುಗೀಲಿ, ಅಲ್ಲಿವರೆಗೆ ತಡ್ಕೋತೀನಿ ನಾನು." ತಡೆದುಕೊಂಡರು ಅಕ್ಕ. ಎಂಟೇ ಗಂಟೆ ಕಡಿಮೆ ಬಿತ್ತು. ಶನಿವಾರ ಬೆಳಿಗ್ಗೆ ಆರಕ್ಕೆ ಹೋದರು.

ಅಂಗಳದಲ್ಲಿ ಹೆಣವಿಟ್ಟುಕೊಂಡು ಚೆಂಡು ಹಿಡಿದು ಹೋಗುತ್ತಾರೆಯೇ ಯಾರಾದರೂ? ನಾವು ರಸ್ತೆಗೆ ಹಸಿ ಕೊಂಬೆ ಹಾಕಿದೆವು, ಸಾವಿನ ಮನೆ ಇದೆ ಎಂದು ಗಾಡಿಯವರಿಗೆ ತಿಳಿಯಲಿ ಎಂದು. ಹನ್ನೊಂದಕ್ಕೆ ನಕಾಲಾಜಿಯ ಲಾರಿ ಹಾಡು ಹೇಳುತ್ತಾ ಬಂತು. ಕೊಂಬೆ ಕಂಡದ್ದೇ ಹಾಡು ನಿಂತಿತು. ಎಲ್ಲರೂ ಇಳಿದರು. ಆಟದ ಬಟ್ಟೆಯ ಮೇಲೆ ಸೊಂಟಕ್ಕೆ ಚಿತೆಂಜೆ ಬಟ್ಟೆ ಸುತ್ತಿಕೊಂಡು ಸೀದಾ ನೀರಿಗೆ, ಸೌದೆಗೆ ಹೋದರು. ನಾನೇ ಫಲೇಸಿಗೆ ಹೇಳಿದೆ, ನೀವಾದರೂ ಹೋಗಿ, ಹಾಜರಿ ಹಾಕಿ, ಗೆದ್ದಿರಿ ಎಂದು ಬರೆಸಿಕೊಳ್ಳಿ ಎಂದು. ಅವಳು ನನ್ನನ್ನೇ ಬೈದಳು. "ಥೂ, ಕೊಂಬೆ ತುಳ್ಕೊಂಡು ಹೋಗಿ ಗೆಲ್ಲೋದಾ? ನಾಳೆ ನಮ್ಮನೇಲಿ ಯಾರಾದ್ರೂ ಹೋದ್ರೆ ಗುಂಡಿ ತೋಡೋಕೆ ಯಾರು ಬರ್ತಾರೆ?" ಲಾರಿಯ ಡ್ರೈವರನೂ ಗುದ್ದಲಿ ಹಿಡಿದ. ಅತಿಥಿಗಳಿಗೆ ಯಾರು ಹೇಳುತ್ತಾರೆ ಎಂದು ನಮಗೆ ಚಿಂತೆಯೇ ಆಗಲಿಲ್ಲ. ವಯಿಸೋನಿ ಬೆಳಿಗ್ಗೆಯೇ ಸೈಕಲ್ ತುಳಿದು ದೆಡ್ಜಾದ ಅಂಚೆ ಕಚೇರಿಯಿಂದ ರೇಡಿಯೊದವರಿಗೆ ಫೋನ್ ಮಾಡಿಸಿದ್ದ. ಹನ್ನೆರಡು ಗಂಟೆಯ ಸಾವಿನ ಸುದ್ದಿಯಲ್ಲಿ ಮಾವನ ಹೆಸರು ಬಂತು, ಆಮೇಲೆ "ಲಿಲೋಂಗ್ವೆಯಲ್ಲಿರುವ ದೊರಿಕಾ ಅವರಿಗೆ ತಿಳಿಸುವುದೇನೆಂದರೆ" ಎಂದು ನಿನ್ನ ಹೆಸರೂ ಬಂತು. ನಾವು ಕಿವಿಯಾರೆ ಕೇಳಿದೆವು. ಭಾನುವಾರ ಮೂರು ಗಂಟೆಯವರೆಗೂ ಮಣ್ಣು ಮಾಡದೆ ನಿನಗಾಗಿ ಕಾದೆವು.

ಇನ್ನೊಂದು. ನಿನ್ನ ಜುಲೈ ಕಾಗದವನ್ನು ಅವರಿಗೆ ಓದುವಾಗ ಕೆಟ್ಟ ಮಾತನ್ನೆಲ್ಲ ಬಿಟ್ಟು, ಮಾವ ಹೇಗಿದ್ದಾರೆ, ಸಕ್ಕರೆ ಸಾಲುತ್ತದೆಯೇ ಎಂದು ನಾನೇ ಸೇರಿಸಿ ಓದಿದೆ. ಕೊನೆಯವರೆಗೂ ಕೇಳಿ, "ಕಾಗದದ ಸಾಲು ಮುಗಿದಿತ್ತು, ನೀನಿನ್ನೂ ಓದ್ತಾನೇ ಇದ್ದೆ. ಬಾಗಿಲ ವಿಷಯ ಬರ್ದಿದಾಳೆ ತಾನೇ?" ಎಂದರು. ಆಮೇಲೆ ಹೇಳಿದರು. ಆವತ್ತು ನಿನ್ನನ್ನು ತಡೆದದ್ದು ಅವರಲ್ಲ, ಅಮ್ಮ. ನೀನು ಪಟ್ಟಣಕ್ಕೆ ಹೋದರೆ ಮತ್ತೆ ಬರುವುದಿಲ್ಲ ಎಂದು ಹೆದರಿ ಮಾವನ ಕಾಲು ಹಿಡಿದಳಂತೆ. "ಮಗಳು ತಾಯಿನ ದ್ವೇಷಿಸಬಾರದು. ಸೋದರಮಾವ ಇರೋದ್ಯಾಕೆ? ಬೈಸ್ಕೊಳ್ಳೋಕೆ. ಅವಳು ಇನ್ನೂ ಬೈತಿದಾಳೆ ಅಂದ್ರೆ ನಾನು ಕೆಲಸ ಸರಿಯಾಗಿ ಮಾಡಿದೀನಿ." ನಕ್ಕರು, ಕೆಮ್ಮು ಬಂತು.

ಅವರು ಇದನ್ನು ನಿನಗೆ ಹೇಳಬೇಡವೆಂದಿದ್ದರು. ನಾನು ಸಿಟ್ಟಿನಲ್ಲಿ ಹೇಳಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ನಿನ್ನೆ ಶನಿವಾರ ಮೊಡೆಸ್ತಾ ಬರಲಿಲ್ಲ. ಹದಿನೇಳು ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಬಂದು ಅತ್ತಿಮರದ ಕೆಳಗೆ ಕೂತು ಹೋದರು.

ಎನೆಲೆಸಿ

ಲಿಲೋಂಗ್ವೆ
೧೨ ಸೆಪ್ಟೆಂಬರ್ ೧೯೯೮

ಎನೆಲೆಸಿ,

ಬೈದದ್ದು ಸಾಲದು. ಇನ್ನೂ ಇರುವುದನ್ನು ಕೇಳಿಕೊಂಡು ಆಮೇಲೆ ಒಟ್ಟಿಗೆ ಬೈಯಿ.

ಶನಿವಾರ ಹನ್ನೊಂದಕ್ಕೆ ಅತಿಥಿಗಳ ಗಾಡಿ ಮುಂದೆ, ನಮ್ಮ ಗಾಡಿ ಹಿಂದೆ ಹೊರಟೆವು. ಸರಿಯಾಗಿ ಹನ್ನೆರಡಕ್ಕೆ ನಮ್ಮ ಡ್ರೈವರ್ ಚಿಂಗಾಯಿಪೆ ರೇಡಿಯೊ ಗುಂಡಿಗೆ ಕೈ ಹಾಕಿದ. "ಸಾವಿನ ಸುದ್ದಿ ಕೇಳ್ಬಿಡ್ತೀನಿ ಮೇಡಂ, ಯಾರ್ಯಾರು ಹೋದ್ರೋ" ಎಂದ. ನಾನು ಅವನ ಕೈ ತಳ್ಳಿದೆ. "ಆಮೇಲೆ ಕೇಳಪ್ಪಾ, ನನ್ನ ಭಾಷಣ ಇನ್ನೂ ಬಾಯಿಗೆ ಬಂದಿಲ್ಲ." ರೇಡಿಯೊದಲ್ಲಿ ನನ್ನ ಹೆಸರು ಕರೆಯುತ್ತಿದ್ದಾಗ ನಾನು ಒಂದು ಚೆಂಡು ಒಂದು ದೇಶವನ್ನು ಹೇಗೆ ಕಟ್ಟುತ್ತದೆ ಎಂದು ಹೇಳಿಕೊಳ್ಳುತ್ತಿದ್ದೆ.

ಆ ಕಾವಲುಗಾರ ರೇಡಿಯೊ ಕೇಳಿರಬೇಕು, ನನ್ನ ಕೈ ಹಿಡಿದದ್ದು ಮಾವನಿಗಾಗಿ. ಸಾವಿನ ದಿನವೂ ಕೆಲಸಕ್ಕೆ ಬಂದಿದ್ದಾಳೆ, ಎಂಥ ಗಟ್ಟಿಗಿತ್ತಿ ಎಂದುಕೊಂಡನೇನೋ.

ಸೋಮವಾರ ವರದಿಯನ್ನೂ ನಿನಗೆ ಬರೆದ ಕಾಗದವನ್ನೂ ಕಳಿಸಿ ಸಂಜೆ ಮನೆಗೆ ಹೋದೆ. ಅಂಗಳದಲ್ಲಿ ನಮ್ಮ ಬೀದಿಯ ಹೆಂಗಸರು ಚಾಪೆ ಹಾಸಿ ಕಾಲು ಚಾಚಿ ಕೂತಿದ್ದಾರೆ. ಒಲೆಯ ಮೇಲೆ ನ್ಸಿಮಾ ಮುದ್ದೆಯ ದೊಡ್ಡ ಪಾತ್ರೆ. ಶನಿವಾರದಿಂದ ನನ್ನ ಪಾಲಿನ ದುಃಖವನ್ನು ಅವರೇ ಕೂತು ಕಾದಿದ್ದಾರೆ. ನಾನು ಗೇಟಿನಲ್ಲಿ ನಿಂತು ಏನು ಕೇಳಿದೆ ಗೊತ್ತೇ? "ಯಾರ ಮನೇದು?" ಎಂದೆ. ಅವರು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನಮ್ಮಲ್ಲಿ ಯಾರೇ ಬರದಿದ್ದರೂ ಮೊದಲು ಕೇಳುವುದೇ, ಯಾರಾದರೂ ಹೋದರೇ ಎಂದು. ಖಾಲಿ ಮೈದಾನದಲ್ಲಿ ಎರಡು ಗಂಟೆ ನಿಂತ ನನಗೆ ಆ ಒಂದು ಪ್ರಶ್ನೆ ಹೊಳೆಯಲಿಲ್ಲ. ಅತಿಥಿಗಳ ಕಣ್ಣಿನಿಂದಲೇ ನಿಮ್ಮನ್ನು ನೋಡಿಬಿಟ್ಟೆ.

ಊರಿಗೆ ಬಂದಾಗ ಹೇಳಲು ಧೈರ್ಯ ಬರಲಿಲ್ಲ. ಆ ಕಾಗದ ದಾರಿಯಲ್ಲೇ ಕಳೆದುಹೋಗಲಿ ಎಂದು ಬೇಡಿಕೊಂಡೆ. ಅಮ್ಮನ ವಿಷಯ ಓದಿದೆ. ಇಪ್ಪತ್ತೇಳು ವರ್ಷ ಮಾವ ಬೈಸಿಕೊಂಡರು. ನಾನು ಒಂದು ದಿನವಾದರೂ ಬೈಸಿಕೊಳ್ಳಬೇಡವೇ?

ಅದಕ್ಕೇ ಡೈರೆಕ್ಟರ್ ಕೋಣೆಗೆ ಹೋಗಿ ನನ್ನ ವರದಿ ಸುಳ್ಳು ಎಂದೆ. ನಿನಗೆ ಬರೆಯದೇ ಇದ್ದದ್ದೊಂದಿದೆ. ತನ್ನೂರಿಗೇ ಯೋಜನೆ ಕೊಡಿಸಿಕೊಂಡಳು ಎಂದು ಮೇ ತಿಂಗಳಿಂದಲೂ ಅವರಿಗೆ ನನ್ನ ಮೇಲೆ ಅನುಮಾನ. ಫೈನಲ್ ನಡೆದಿದ್ದರೆ ನನ್ನ ಕುರ್ಚಿ ಉಳಿಯುತ್ತಿತ್ತು. ಕಾರಣವಿಲ್ಲದ ಗೈರುಹಾಜರಿ ಎಂದು ಬರೆದಾಗ ತಪ್ಪೆಲ್ಲ ನಿಮ್ಮದಾಗಿ, ಕುರ್ಚಿ ಹೇಗೋ ಉಳಿಯುವಂತಿತ್ತು. ನಾನು ಸಿಟ್ಟಿನಲ್ಲಿ ಮಾತ್ರ ಸಹಿ ಹಾಕಲಿಲ್ಲ, ಭಯದಲ್ಲೂ ಹಾಕಿದೆ.

ಹೊಸ ವರದಿ ಚಿಕ್ಕದು. ಅದನ್ನು ಅತಿಥಿಗಳಿಗೂ ಕಳಿಸಿದ್ದೇನೆ. "ಆಗಸ್ಟ್ ೨೨ರಂದು ಚಿಕೊಂಜೆಯಲ್ಲಿ ಸಾವಾಗಿತ್ತು. ಎದುರಾಳಿ ತಂಡ ಗೆಲುವನ್ನು ಬಿಟ್ಟು ಸಾವಿನ ಮನೆಯಲ್ಲಿ ನೀರು ಹೊತ್ತಿತು. ಈ ಯೋಜನೆ ಎರಡು ಊರುಗಳ ನಡುವೆ ಏನನ್ನು ಕಟ್ಟಬೇಕೆಂದಿತ್ತೋ ಅದು ಅಲ್ಲಿ ಆ ದಿನ ಕಾಣುತ್ತಿತ್ತು, ಆದರೆ ನಾವು ಮೈದಾನ ನೋಡುತ್ತಾ ಕೂತಿದ್ದೆವು. ಇಪ್ಪತ್ತೆಂಟು ಹೆಂಗಸರು ಕಾರಣವಿದ್ದು ಗೈರುಹಾಜರು. ಕಾರಣವಿಲ್ಲದೆ ಹಾಜರಿದ್ದವರು ಒಬ್ಬರು. ತೀರಿಕೊಂಡವರು ಆಕೆಯ ಸೋದರಮಾವ." ಕೆಳಗೆ ನನ್ನ ಸಹಿ.

ಈಗ ಆದದ್ದು ಇಷ್ಟು. ಕಂಬ, ಚೆಂಡು ವಾಪಸ್ ಕೊಡಬೇಕು, ಆ ಆದೇಶ ಹೊರಟುಹೋಗಿದೆ. ಮೊಡೆಸ್ತಾಳ ಪೆಟ್ರೋಲ್ ಮಾತ್ರ ಡಿಸೆಂಬರ್‌ವರೆಗೆ ಸಿಗುತ್ತದೆ, ದಿನ ಇವತ್ತೇ ತಾನೇ ಎಂದು ಕೇಳಿದ್ದ ಆ ಅತಿಥಿ ಹಟ ಹಿಡಿದಳಂತೆ. ಆಮೇಲಿನದು ಮತ್ತೆ ಅರ್ಜಿ ಹಾಕಿ ನೋಡಬೇಕು. ನನ್ನನ್ನು ಅಕ್ಟೋಬರ್‌ನಿಂದ ದೆಡ್ಜಾ ಜಿಲ್ಲಾ ಕಚೇರಿಗೆ ಹಾಕಿದ್ದಾರೆ, ಎರಡು ಮೆಟ್ಟಿಲು ಕೆಳಗೆ. ಅರ್ಜಿ ಬರೆಯುವವಳು ಅಲ್ಲಿ ನಾನೇ.

ನನಗೆ ಊರಿಗೆ ಬರಲು ಮುಖವಿಲ್ಲ. ಬರಲೇ?

ದೊರಿಕಾ

ಚಿಕೊಂಜೆ
೨೭ ಸೆಪ್ಟೆಂಬರ್ ೧೯೯೮

ಅಕ್ಕ,

ಇದೆಂಥ ಪ್ರಶ್ನೆ? ನೀನು ಬರದೆ ಮಾವನ ಸೂತಕ ಕಳೆಯುವುದಾದರೂ ಹೇಗೆ? ಮನೆಯ ಹಿರಿಯ ಹೆಣ್ಣು ನೀನು. ತಲೆ ಬೋಳಿಸುವುದು ಅಕ್ಟೋಬರ್ ೧೦, ಶನಿವಾರ ಬೆಳಿಗ್ಗೆ. ಆ ದಿನದ ಬಿಯರಿಗೆ ಜೋಳ ಮೊಳಕೆ ಹಾಕಿದ್ದಾಗಿದೆ.

ಕಂಬ ಒಯ್ಯಲು ನಿಮ್ಮ ಡ್ರೈವರ್ ಚಿಂಗಾಯಿಪೆಯೇ ಬಂದ. ಕಣ್ಣೆತ್ತಿ ನೋಡಲಿಲ್ಲ ಪಾಪ. ನಾವೇ ಕಿತ್ತು, ಮಣ್ಣು ಒರೆಸಿ ಗಾಡಿಗೆ ಹಾಕಿಕೊಟ್ಟೆವು. ಹೊರಡುವ ಹೊತ್ತಿಗೆ ಹನ್ನೆರಡಾಗಿತ್ತು, ರೇಡಿಯೊ ಹಾಕಿದ. ಎಲ್ಲರೂ ಗಾಡಿಯ ಸುತ್ತ ನಿಂತು ಕೇಳಿದೆವು. ಆ ದಿನ ನಮ್ಮವರು ಯಾರೂ ಇರಲಿಲ್ಲ. ಅವನು ಹೋದ ಮೇಲೆ ಅದೇ ಗುಂಡಿಗಳಲ್ಲಿ ನೀಲಗಿರಿ ಕಂಬ ನೆಟ್ಟು, ವಯಿಸೋನಿಯ ಹಳೇ ಸೈಕಲ್ ಚಕ್ರದ ಬಳೆ ಕಟ್ಟಿದ್ದೇವೆ. ಬಳೆ ಸ್ವಲ್ಪ ದೊಡ್ಡದು, ಫಲೇಸಿಗೆ ಹೇಳಬೇಡ. ಮೊಡೆಸ್ತಾ ನಿನ್ನೆ ಬಂದಳು. ತಕ್ಕಡಿ ಅದೇ ಕೊಂಬೆಗೆ. ಡಿಸೆಂಬರ್ ಆದ ಮೇಲೆ ಸೈಕಲ್‌ನಲ್ಲಾದರೂ ತಿಂಗಳಿಗೊಮ್ಮೆ ಬರುತ್ತೇನೆ, ನೀವು ಸೇರುವುದನ್ನು ಮಾತ್ರ ನಿಲ್ಲಿಸಬೇಡಿ ಎಂದಿದ್ದಾಳೆ. ಮಾವನ ಕುರ್ಚಿಯನ್ನು ಎತ್ತಿಲ್ಲ, ಅಲ್ಲೇ ಇದೆ.

ನನ್ನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ರೇಡಿಯೊದ ಮಾತು ಓದಿದ ದಿನ ನಿನ್ನ ಕಾಗದವನ್ನು ಒಲೆಗೆ ಹಾಕಲು ಹೋಗಿದ್ದೆ. ಹಾಕಲಿಲ್ಲ. ನೀನು ಗೇಟಿನಲ್ಲಿ ನಿಂತದ್ದನ್ನು ನೆನೆದು ಅತ್ತೆ. ಬಂದಾಗ ಎದುರಿಗೇ ಬೈಯುತ್ತೇನೆ.

ಸೂತಕ ಕಳೆದ ಮಧ್ಯಾಹ್ನ, ಎರಡು ಗಂಟೆಗೆ, ಇಲ್ಲೇ ಫೈನಲ್. ನಕಾಲಾಜಿಯವರು ಒಪ್ಪಿದ್ದಾರೆ. ಆದರೆ ನಮ್ಮ ವಿಂಗ್ ಡಿಫೆನ್ಸ್ ಆಡುವವಳು ಈಗ ಐದು ತಿಂಗಳ ಬಸುರಿ, ಅವಳನ್ನು ಆಡಿಸುವ ಹಾಗಿಲ್ಲ. ಅವಳ ಜಾಗಕ್ಕೆ ನಿನ್ನ ಹೆಸರು ಹೇಳಿದಾಗ ಫಲೇಸಿ ಸೊಂಟದ ಮೇಲೆ ಕೈಯಿಟ್ಟು, "ಆಡ್ಲಿ ಬಿಡು, ನಮ್ಮ ಗೋಲ್ ಕೀಪರ್‌ಗೆ ಮೂರು ಮೊಮ್ಮಕ್ಳು" ಎಂದಳು.

ಪಟ್ಟಿ ಮುಗಿಸಿದ್ದೇನೆ. ಕೊನೆಯ ಸಾಲು ನಿನ್ನದು. ಹೆಸರು ದೊರಿಕಾ, ಊರು ಚಿಕೊಂಜೆ, ವಯಸ್ಸು ಇಪ್ಪತ್ನಾಲ್ಕು.

ಎನೆಲೆಸಿ